ಜಾಯಿಕಾಯಿ ಮರ, ಜೇನುನೊಣ, ಅಮ್ಮ: ಇವರನ್ನೆಲ್ಲ ‘ಹೆಣ್ಣು’ ಅನ್ನುವುದು ಯಾಕೆ?

ಪ್ರಶ್ನೆ: ಮೇಡಂ, ನಮ್ಮದು ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟ. ಬೀಜದಿಂದ ಎಬ್ಬಿಸಿದ ಹನ್ನೆರಡು ಜಾಯಿಕಾಯಿ ಗಿಡ ನೆಟ್ಟಿದ್ದೆ. ಏಳು ವರ್ಷಕ್ಕೆ ಹೂ ಬಂತು. ನೋಡಿದರೆ ಏಳು ಮರ ಗಂಡು. ಹಿತ್ತಲಿನ ಪಪ್ಪಾಯಿಯೂ ಬರೀ ಹೂ ಬಿಡುತ್ತಿದೆ. ಕಾಂಡಕ್ಕೆ ಮೊಳೆ ಹೊಡೆದರೆ ಹೆಣ್ಣಾಗುತ್ತದೆ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಇದನ್ನೆಲ್ಲ ಕೇಳುತ್ತಿದ್ದ ನನ್ನ ಮಗಳು, ಪಿಯುಸಿ ಓದುವವಳು, ಒಂದು ಪ್ರಶ್ನೆ ಎತ್ತಿದಳು. ‘ಮರಕ್ಕೂ ಹೆಣ್ಣು ಅಂತೀರಿ, ಜೇನುನೊಣಕ್ಕೂ ಹೆಣ್ಣು ಅಂತೀರಿ, ಅಮ್ಮನಿಗೂ ಹೆಣ್ಣು ಅಂತೀರಿ. ಇವುಗಳಲ್ಲಿ ಒಂದೇ ಥರ ಇರೋದು ಏನು?’ ನನಗೆ ಉತ್ತರ ಹೊಳೆಯಲಿಲ್ಲ. ಇನ್ನೊಂದು ಮಾತು. ನಮ್ಮ ಹಸು ಅವಳಿ ಕರು ಹಾಕಿತ್ತು, ಒಂದು ಹೋರಿ, ಒಂದು ಹೆಣ್ಣು. ಆ ಹೆಣ್ಣು ಕರುವಿಗೆ ಈಗ ಮೂರು ವರ್ಷ. ಇನ್ನೂ ಬೆದೆಗೆ ಬಂದಿಲ್ಲ. ಯಾಕಿರಬಹುದು?

ಉತ್ತರ: ಮಗಳ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಉಳಿದವುಗಳ ಬುಡವೂ ಅಲ್ಲೇ ಇದೆ.

ಹೆಣ್ಣನ್ನು ಗುರುತಿಸಲು ನಾವು ಬಳಸುವ ಗುರುತುಗಳನ್ನು ಒಂದೊಂದಾಗಿ ಪರೀಕ್ಷೆಗೆ ಹಚ್ಚಿ ನೋಡಿ. ಹಾಲು ಕೊಡುವುದು ಹೆಣ್ಣು ಅಂದರೆ ಕೋಳಿ, ಕಪ್ಪೆ, ಮೀನು, ಮರ ಎಲ್ಲ ಹೊರಗುಳಿಯುತ್ತವೆ. ಬಸಿರು ಹೊರುವುದು ಹೆಣ್ಣು ಅಂದರೆ ಸಮುದ್ರಕುದುರೆ ಎಂಬ ಮೀನು ಅಡ್ಡ ಬರುತ್ತದೆ. ಅದರಲ್ಲಿ ಹೊಟ್ಟೆಯ ಚೀಲದಲ್ಲಿ ಮರಿ ಹೊತ್ತು ಹೆರುವುದು ಗಂಡು. ಮೊಟ್ಟೆ, ಮರಿ ನೋಡಿಕೊಳ್ಳುವುದು ಹೆಣ್ಣು ಅನ್ನೋಣವೇ? ಜೋಗದಿಂದ ಹೊನ್ನಾವರಕ್ಕೆ ಇಳಿಯುವ ದಾರಿಯಲ್ಲಿ ಕತ್ತಲೆಕಾನು ಸಿಗುತ್ತದಲ್ಲ, ಅಲ್ಲಿನ ತೊರೆಗಳಲ್ಲಿ ಒಂದು ಸಣ್ಣ ಕಪ್ಪೆ ಇದೆ. 2014ರಲ್ಲಿ ವಿಜ್ಞಾನಿಗಳು ಅದನ್ನು ಹೊಸ ಪ್ರಭೇದ ಎಂದು ದಾಖಲಿಸಿದರು. ಅದರ ವೈಜ್ಞಾನಿಕ ಹೆಸರಿನಲ್ಲೇ ‘ಕುಂಬಾರ’ ಎಂಬ ಮಾತು ಸೇರಿಸಿದರು. ಹೆಣ್ಣು ಮೊಟ್ಟೆಯಿಟ್ಟ ಮೇಲೆ ಗಂಡು ಕಪ್ಪೆ ಮುಂಗಾಲಿನಲ್ಲಿ ತೊರೆಯ ಕೆಸರು ತಂದು ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಕೆರೆಗಳಲ್ಲಿ ತಾವರೆ ಎಲೆ ಮೇಲೆ ಓಡಾಡುವ, ಉದ್ದ ಬೆರಳಿನ ಜಕಾನ ಹಕ್ಕಿಯಲ್ಲೂ ಹಾಗೆಯೇ. ಕಾವು ಕೂರುವುದು, ಮರಿ ಕಾಯುವುದು ಎಲ್ಲ ಗಂಡಿನ ಪಾಲು. ಹೆಣ್ಣು ಒಂದು ಗಂಡಿಗೆ ಮೊಟ್ಟೆ ಇಟ್ಟುಕೊಟ್ಟು ಇನ್ನೊಂದರ ಕಡೆ ಹೊರಡುತ್ತದೆ.

ಗಾತ್ರವೂ ಕೈ ಕೊಡುತ್ತದೆ. ಮಳೆ ಕಡಿಮೆಯಾಗುವ ಹೊತ್ತಿಗೆ ಕಾಡಿನ ದಾರಿಗೆ ಅಡ್ಡಲಾಗಿ ಹೊಂಬಣ್ಣದ ದೊಡ್ಡ ಬಲೆ ಕಟ್ಟುವ ಜೇಡವನ್ನು ನೀವು ನೋಡಿರುತ್ತೀರಿ. ಕಾಲು ಚಾಚಿದರೆ ಅಂಗೈ ಅಗಲ ಬರುವ ಆ ಜೇಡ ಹೆಣ್ಣು. ಅದೇ ಬಲೆಯ ಅಂಚಿನಲ್ಲಿ ಇರುವುದೋ ಇಲ್ಲವೋ ಅನ್ನಿಸುವಷ್ಟು ಸಣ್ಣದೊಂದು ಕೂತಿರುತ್ತದೆ. ಅದು ಗಂಡು. ಸಕ್ರೆಬೈಲಿನ ಆನೆ ಬಿಡಾರಕ್ಕೆ ಹೋದವರು ದಂತ ನೋಡಿ ಗಂಡಾನೆ, ಹೆಣ್ಣಾನೆ ಅಂತ ಹೇಳಿಬಿಡುತ್ತಾರೆ. ಆದರೆ ನಮ್ಮ ಆನೆಗಳಲ್ಲಿ ದಂತವೇ ಇಲ್ಲದ ಗಂಡುಗಳೂ ಇವೆ. ಮಕನಾ ಅಂತ ಕರೆಯುವುದು ಅವುಗಳನ್ನೇ.

ಹೀಗೆ ಎಲ್ಲ ಗುರುತುಗಳನ್ನೂ ಬಿಡುತ್ತಾ ಬಂದರೆ ಕೊನೆಗೆ ಒಂದು ಉಳಿಯುತ್ತದೆ. ಜಾಯಿಕಾಯಿ ಮರದಿಂದ ಹಿಡಿದು ಅಮ್ಮನವರೆಗೆ ಅದೊಂದು ಎಲ್ಲೂ ತಪ್ಪುವುದಿಲ್ಲ.

ಸಂತಾನಕ್ಕಾಗಿ ಜೀವಿಗಳು ತಯಾರಿಸುವ ಕಣಗಳಿಗೆ ಪಠ್ಯಪುಸ್ತಕಗಳಲ್ಲಿ ಲಿಂಗಾಣು ಅನ್ನುತ್ತಾರೆ. ಎರಡು ಲಿಂಗಾಣು ಕೂಡಿದರೆ ಹೊಸ ಜೀವ. ಈ ಎರಡು ಒಂದೇ ಗಾತ್ರದವಲ್ಲ. ಒಂದು ದೊಡ್ಡದು. ಅದರೊಳಗೆ ಮುಂದಿನ ಜೀವದ ಆರಂಭಕ್ಕೆ ಬೇಕಾದ ಆಹಾರ, ಸರಂಜಾಮು ಇರುತ್ತದೆ. ಸಾಮಾನ್ಯವಾಗಿ ತಾನಾಗಿ ಎಲ್ಲಿಗೂ ಹೋಗುವುದಿಲ್ಲ. ಇನ್ನೊಂದು ಚಿಕ್ಕದು. ಅದರಲ್ಲಿ ವಂಶದ ಮಾಹಿತಿ ಬಿಟ್ಟು ಬೇರೆ ಹೆಚ್ಚೇನೂ ಇರುವುದಿಲ್ಲ, ಆದರೆ ಸಂಖ್ಯೆ ಲೆಕ್ಕಕ್ಕೆ ಸಿಗದಷ್ಟು. ದೊಡ್ಡದನ್ನು, ಅಂದರೆ ಅಂಡವನ್ನು, ತಯಾರಿಸುವ ಕಡೆ ಹೆಣ್ಣು. ಚಿಕ್ಕದನ್ನು ತಯಾರಿಸುವ ಕಡೆ ಗಂಡು. ಜೀವಶಾಸ್ತ್ರದ ವ್ಯಾಖ್ಯಾನ ಇಷ್ಟೇ. ಸಮುದ್ರಕುದುರೆಯಲ್ಲಿ ಬಸಿರು ಹೊತ್ತದ್ದನ್ನೂ ಗಂಡು ಅನ್ನಲು ಇದೇ ಕಾರಣ. ಅದರ ಚೀಲದೊಳಗೆ ಅಂಡ ಹಾಕಿದ್ದು ಹೆಣ್ಣು.

ಗಾತ್ರದ ವ್ಯತ್ಯಾಸ ಎಷ್ಟು ಅಂತ ಕೇಳಿದರೆ ಬೆರಗಾಗುತ್ತದೆ. ಮನುಷ್ಯರ ಅಂಡ ಸುಮಾರು 0.1 ಮಿಲಿಮೀಟರ್ ಅಗಲ. ಕಣ್ಣು ಚುರುಕಾಗಿದ್ದರೆ ಬರಿಗಣ್ಣಿಗೇ ಒಂದು ಚುಕ್ಕಿಯಾಗಿ ಕಾಣುತ್ತದೆ. ವೀರ್ಯಾಣುವಿನ ತಲೆ ಅದರ ಇಪ್ಪತ್ತನೇ ಒಂದು ಭಾಗದಷ್ಟು ಉದ್ದ. ಅಗಲದಲ್ಲಿ ಇಷ್ಟು ವ್ಯತ್ಯಾಸ ಅಂದರೆ ಗಾತ್ರದಲ್ಲಿ ಸಾವಿರಾರು ಪಟ್ಟು. ಕೋಳಿಯಲ್ಲಂತೂ ಮೊಟ್ಟೆಯ ಹಳದಿ ಭಾಗ ಪೂರ್ತಿ ಒಂದೇ ಅಂಡ. ಬಿಳಿ, ಚಿಪ್ಪು ಎಲ್ಲ ಕೆಳಗೆ ಇಳಿದು ಬರುವಾಗ ಸುಮಾರು ಒಂದು ದಿನದಲ್ಲಿ ಮೇಲೆ ಸೇರಿದ್ದು. ತಮಾಷೆ ನೋಡಿ, ದಿನಾ ಆಮ್ಲೆಟ್ ಮಾಡುವಾಗ ಅಷ್ಟು ದೊಡ್ಡ ಅಂಡ ನಮ್ಮ ಕಣ್ಣೆದುರೇ ಇದ್ದರೂ, ಸಸ್ತನಿಯ ಅಂಡವನ್ನು ಒಬ್ಬರು ಕಣ್ಣಾರೆ ಕಂಡಿದ್ದು 1827ರಲ್ಲಿ. ಕಾರ್ಲ್ ಅರ್ನ್‌ಸ್ಟ್ ಫಾನ್ ಬೇರ್ ಎಂಬ ವಿಜ್ಞಾನಿ ಅದನ್ನು ನಾಯಿಯಲ್ಲಿ ಕಂಡರು. ವೀರ್ಯಾಣುವನ್ನು ಹಾಲೆಂಡಿನ ಲೇವನ್‌ಹುಕ್ ಅದಕ್ಕೂ 150 ವರ್ಷ ಮೊದಲೇ ಸೂಕ್ಷ್ಮದರ್ಶಕದಲ್ಲಿ ನೋಡಿದ್ದರು. ಅಲ್ಲಿಯವರೆಗೆ ಎಷ್ಟೋ ಜನ ಬೀಜವೆಲ್ಲ ಗಂಡಿನದು, ಹೆಣ್ಣು ಬರೀ ಗದ್ದೆ ಅಂತಲೇ ನಂಬಿದ್ದರು. ನಮ್ಮ ಕಡೆ ಇನ್ನೂ ಹಾಗೆ ಮಾತಾಡುವವರಿದ್ದಾರೆ, ಅಲ್ವಾ?

ಎಲ್ಲ ಜೀವಿಗಳಲ್ಲೂ ಗಂಡು–ಹೆಣ್ಣು ಇದೆ ಅಂದುಕೊಳ್ಳಬೇಡಿ. ಹೊಂಡದ ನೀರಿನಲ್ಲಿ ಕ್ಲಮಿಡೊಮೊನಾಸ್ ಎಂಬ ಒಂಟಿ ಕೋಶದ ಹಸಿರು ಪಾಚಿ ಸಿಗುತ್ತದೆ. ಅದರಲ್ಲೂ ಎರಡು ಲಿಂಗಾಣು ಕೂಡುತ್ತವೆ. ಆದರೆ ಎರಡೂ ಒಂದೇ ಗಾತ್ರ. ಯಾವುದನ್ನು ಹೆಣ್ಣು ಅನ್ನುವುದು? ವಿಜ್ಞಾನಿಗಳು ಸುಮ್ನೆ ಪ್ಲಸ್, ಮೈನಸ್ ಅಂತ ಕರೆದು ಕೈ ತೊಳೆದುಕೊಂಡಿದ್ದಾರೆ. ಮಳೆಗಾಲದಲ್ಲಿ ಒಣ ಕೊಂಬೆಗಳ ಮೇಲೆ ಬೀಸಣಿಗೆ ಆಕಾರದ, ಅಡಿಯಲ್ಲಿ ಸೀಳು ಸೀಳಾದ ಬೂದು ಅಣಬೆ ಏಳುತ್ತದೆ. ಸ್ಕಿಜೋಫಿಲಮ್ ಎಂದು ಅದರ ಹೆಸರು. ಅದರಲ್ಲಿ ಪರಸ್ಪರ ಕೂಡಬಲ್ಲ ಬಗೆಗಳು ಇಪ್ಪತ್ತು ಸಾವಿರಕ್ಕೂ ಜಾಸ್ತಿ. ಅಲ್ಲಿ ಗಂಡೂ ಇಲ್ಲ, ಹೆಣ್ಣೂ ಇಲ್ಲ. ಗಾತ್ರ ಬೇರೆಯಾದಾಗ ಮಾತ್ರ ಈ ಎರಡು ಪದಗಳಿಗೆ ಕೆಲಸ.

ಹಾಗಾದರೆ ಗಾತ್ರ ಯಾಕೆ ಬೇರೆಯಾಯಿತು? ಇದಕ್ಕೆ ಚೆನ್ನಾದ ವಿವರಣೆ ಕೊಟ್ಟವರು ಇಂಗ್ಲೆಂಡಿನ ಜೆಫ್ ಪಾರ್ಕರ್ ಮತ್ತು ಅವರ ಇಬ್ಬರು ಜೊತೆಗಾರರು, 1972ರಲ್ಲಿ. ನಮ್ಮ ಅಡುಗೆಮನೆಯ ಲೆಕ್ಕದಲ್ಲಿ ಹೇಳುತ್ತೇನೆ. ಬೇಯಿಸಿದ ಅಕ್ಕಿಹಿಟ್ಟು ಇಷ್ಟೇ ಇದೆ. ಕಡುಬು ಕಟ್ಟಿದರೆ ಹತ್ತಾಗುತ್ತದೆ, ಒಂದೊಂದೂ ಹೊಟ್ಟೆ ತುಂಬುತ್ತದೆ. ಒರಳಿಗೆ ಹಾಕಿ ಶ್ಯಾವಿಗೆ ಒತ್ತಿದರೆ ಎಳೆ ಎಣಿಸಲು ಆಗುವುದಿಲ್ಲ, ಆದರೆ ಒಂದು ಎಳೆಯಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ. ಲಿಂಗಾಣುವಿನ ಎದುರೂ ಇದೇ ಇಕ್ಕಟ್ಟು. ಹುಟ್ಟುವ ಜೀವ ಬದುಕಿ ಉಳಿಯಬೇಕಾದರೆ ಬುತ್ತಿ ಜಾಸ್ತಿ ಬೇಕು. ಜೊತೆ ಸಿಗಬೇಕಾದರೆ ಸಂಖ್ಯೆ ಜಾಸ್ತಿ ಬೇಕು. ಎರಡೂ ಒಟ್ಟಿಗೆ ಆಗದು. ಮಧ್ಯಮ ಗಾತ್ರದವು ಎರಡೂ ಕಡೆ ಸೋಲುತ್ತವೆ. ದೊಡ್ಡವುಗಳಷ್ಟು ಬುತ್ತಿ ಅವುಗಳಲ್ಲಿಲ್ಲ, ಚಿಕ್ಕವುಗಳಷ್ಟು ಸಂಖ್ಯೆಯೂ ಇಲ್ಲ. ತಲೆಮಾರುಗಳು ಕಳೆದ ಹಾಗೆ ಎರಡು ತುದಿಗಳು ಮಾತ್ರ ಉಳಿದವು. ಆ ಹಸಿರು ಪಾಚಿಗಳ ಬಳಗದಲ್ಲೇ ಇದರ ಹೆಜ್ಜೆ ಕಾಣುತ್ತದೆ. ಒಂಟಿ ಕೋಶದ ಕ್ಲಮಿಡೊಮೊನಾಸ್‌ನಲ್ಲಿ ಗಾತ್ರ ಒಂದೇ. ಸಾವಿರಾರು ಕೋಶ ಸೇರಿ ಹಸಿರು ಗುಂಡಾಗಿ ಉರುಳುವ ಅದರ ನೆಂಟ ವಾಲ್ವಾಕ್ಸ್‌ನಲ್ಲಿ ದೊಡ್ಡ ಅಂಡ, ಚಿಕ್ಕ ವೀರ್ಯಾಣು ಎರಡೂ ಬಂದಿವೆ.

ನೀವು ಹೆಣ್ಣಿನ ಗುಣ ಅಂದುಕೊಂಡ ಎಷ್ಟೋ ಸಂಗತಿಗಳು ಈ ಒಂದು ವ್ಯತ್ಯಾಸದ ಬೆನ್ನು ಹತ್ತಿ ಬಂದವು. ಅಂಡಕ್ಕೆ ಮೊದಲೇ ಜಾಸ್ತಿ ಖರ್ಚಾಗಿದೆ. ಹಾಗಾಗಿ ಅದನ್ನು ಒಳಗೇ ಇಟ್ಟು ಕಾಪಾಡುವುದು, ಇನ್ನಷ್ಟು ಉಣಿಸುವುದು ಬಹಳಷ್ಟು ಕಡೆ ಹೆಣ್ಣಿನ ಪಾಲಿಗೆ ಬಂತು. ನಮ್ಮ ಕಾಡಿನ ಮಂಗಟ್ಟೆ ಹಕ್ಕಿಯಲ್ಲಿ ಹೆಣ್ಣು ಮರದ ಪೊಟರೆಯೊಳಗೆ ಸೇರಿ ಬಾಗಿಲು ಮುಚ್ಚಿಕೊಳ್ಳುತ್ತದೆ. ಒಂದು ಸೀಳು ಮಾತ್ರ ಬಿಟ್ಟುಕೊಂಡು ವಾರಗಟ್ಟಲೆ ಒಳಗೇ ಕೂರುತ್ತದೆ. ಹೊರಗಿನಿಂದ ಹಣ್ಣು ತಂದು ಕೊಡುವುದು ಗಂಡು. ಅದು ಬಾರದಿದ್ದರೆ ಒಳಗಿನವುಗಳ ಗತಿ ಕಷ್ಟ. ಆದರೆ ಇವೆಲ್ಲ ಒಲವುಗಳು, ಕಟ್ಟಳೆಗಳಲ್ಲ. ಕುಂಬಾರ ಕಪ್ಪೆಯೂ ಜಕಾನವೂ ಅದಕ್ಕೇ ಸಾಕ್ಷಿ. ‘ಪ್ರಕೃತಿಯೇ ಹೆಣ್ಣಿಗೆ ಹೀಗೆ ವಿಧಿಸಿದೆ’ ಎಂದು ಯಾರಾದರೂ ಭಾಷಣ ಶುರು ಮಾಡಿದರೆ ಯಾವ ಪ್ರಾಣಿಯ ಪ್ರಕೃತಿ ಅಂತ ಕೇಳಲು ಮಗಳಿಗೆ ಹೇಳಿಕೊಡಿ.

ಈಗ ತೋಟಕ್ಕೆ ಬರೋಣ. ಗಿಡಕ್ಕೂ ಗಂಡು–ಹೆಣ್ಣು ಇದೆ ಎಂದು ಪ್ರಯೋಗ ಮಾಡಿ ತೋರಿಸಿದವರು ಜರ್ಮನಿಯ ಕಮೆರಾರಿಯಸ್, 1694ರಲ್ಲಿ. ಹತ್ತಿರ ಗಂಡು ಗಿಡವಿಲ್ಲದ ಹಿಪ್ಪುನೇರಳೆ ಮರ ಹಣ್ಣು ಬಿಟ್ಟರೂ ಬೀಜ ಜೊಳ್ಳಾಗಿರುವುದು ಅವರ ಕಣ್ಣಿಗೆ ಬಿದ್ದಿತ್ತು. ಹೂವಿನಲ್ಲಿ ಪರಾಗ ಗಂಡು ಕಣವನ್ನು ಹೊತ್ತು ತರುತ್ತದೆ. ಅಂಡ ಹೂವಿನ ಬುಡದ ಅಂಡಾಶಯದಲ್ಲಿ ಇರುತ್ತದೆ. ಬೀಜ ಕಟ್ಟುವುದೂ ಕಾಯಿಯಾಗುವುದೂ ಅಲ್ಲೇ. ನಾವು ಗಿಡದಲ್ಲಿ ಹೆಣ್ಣು ಅನ್ನುವುದು ಅದಕ್ಕೆ.

ಹೆಚ್ಚಿನ ಗಿಡಗಳಲ್ಲಿ ಒಂದೇ ಹೂವಿನಲ್ಲಿ ಎರಡೂ ಇರುತ್ತವೆ. ದಾಸವಾಳ ನೋಡಿ. ಕೆಲವದರಲ್ಲಿ ಮರ ಒಂದೇ, ಹೂ ಬೇರೆ ಬೇರೆ. ಅಡಿಕೆಯ ಸಿಂಗಾರ ಬಿಚ್ಚಿ ನೋಡಿ. ಎಳೆಗಳ ತುದಿಯುದ್ದಕ್ಕೂ ಅಕ್ಕಿಕಾಳಿಗಿಂತ ತುಸು ದೊಡ್ಡದಾಗಿ ಸಾಲಾಗಿ ಕೂತಿರುವ ಸಾವಿರಾರು ಹೂಗಳು ಗಂಡು. ಎಳೆಯ ಬುಡದಲ್ಲಿ ದಪ್ಪನೆಯ ಮೊಗ್ಗುಗಳಾಗಿ ಕೆಲವೇ ಇರುವುದು ಹೆಣ್ಣು. ಒಂದೇ ಸಿಂಗಾರದಲ್ಲಿ ಗಂಡು ಹೂಗಳು ಮೊದಲು ಅರಳಿ ಉದುರುತ್ತವೆ. ಆಮೇಲೆ ಹೆಣ್ಣು ಹೂ ಬಾಯಿ ಬಿಡುತ್ತದೆ. ಹಾಗಾಗಿ ಪರಾಗ ಹೆಚ್ಚಾಗಿ ಬೇರೆ ಮರದಿಂದಲೇ ಬರಬೇಕು. ಹಲಸಿನಲ್ಲೂ ಎರಡು ಬಗೆ. ಮಿಡಿ ಎಲ್ಲಾ ಉದುರಿ ಹೋಯಿತು ಅಂತ ಪ್ರತಿ ವರ್ಷ ಗಾಬರಿಪಡುವವರಿದ್ದಾರೆ. ಉದುರಿದ್ದರಲ್ಲಿ ಬಹುಪಾಲು ಗಂಡು ಹೂಗೊಂಚಲು. ಪರಾಗ ಚೆಲ್ಲಿ ಅದರ ಕೆಲಸ ಮುಗಿದಿರುತ್ತದೆ.

ಮೂರನೆಯ ಬಗೆ ನಿಮ್ಮ ಜಾಯಿಕಾಯಿ. ಮರವೇ ಬೇರೆ ಬೇರೆ. ನಮ್ಮ ಕಾಡಿನ ರಾಮಪತ್ರೆಯೂ ಹಾಗೆಯೇ, ಬೇಲಿಯ ಮಾಡಹಾಗಲವೂ ಹಾಗೆಯೇ. ಗಂಡು ಬಳ್ಳಿ ಇಲ್ಲದೆ ಮಾಡಹಾಗಲ ಕಾಯಿ ಕಚ್ಚುವುದಿಲ್ಲ ಅನ್ನುವುದು ಬೆಳೆದವರಿಗೆಲ್ಲ ಗೊತ್ತು. ಕಾಡಿನ ಮೆಣಸಿನ ಬಳ್ಳಿಗಳಲ್ಲೂ ಗಂಡು–ಹೆಣ್ಣು ಬೇರೆ. ನಮ್ಮ ಹಿರಿಯರು ಕಾಯಿ ಚೆನ್ನಾಗಿ ಹಿಡಿಯುವ ಬಳ್ಳಿಗಳನ್ನೇ ಆರಿಸಿ ನೆಡುತ್ತಾ ಬಂದರು. ಈಗ ತೋಟದಲ್ಲಿರುವ ಹೆಚ್ಚಿನ ತಳಿಗಳ ಕರೆಯಲ್ಲಿ, ಅಂದರೆ ಹೂಗೊಂಚಲಿನಲ್ಲಿ, ಎರಡೂ ಇರುವ ಹೂಗಳಿವೆ.

ಬೀಜದಿಂದ ಎಬ್ಬಿಸಿದ ಜಾಯಿಕಾಯಿ ಗಿಡಗಳಲ್ಲಿ ಸರಿಸುಮಾರು ಅರ್ಧ ಗಂಡು ಬರುತ್ತವೆ. ನಿಮಗೆ ಹನ್ನೆರಡರಲ್ಲಿ ಏಳು ಬಂದದ್ದು ಲೆಕ್ಕಕ್ಕೆ ಸರಿಯಾಗಿಯೇ ಇದೆ, ಅದೃಷ್ಟ ಅಷ್ಟೇನೂ ಕೆಟ್ಟಿಲ್ಲ. ಹೂ ಬರುವವರೆಗೆ ಕಣ್ಣಿನಿಂದ ಗುರುತಿಸಲು ಭರವಸೆಯ ಗುರುತು ಇಲ್ಲ. ಎಲೆ ನೋಡಿ ಹೇಳುತ್ತೇವೆ, ಬೀಜದ ಆಕಾರ ನೋಡಿ ಹೇಳುತ್ತೇವೆ ಅನ್ನುವವರ ಮಾತಿಗೆ ದುಡ್ಡು ಕೊಡಬೇಡಿ. ಹೂ ಬಂದ ಮೇಲೆ ಉಗುರಿನಲ್ಲಿ ಸೀಳಿ ನೋಡಿ. ಒಳಗೆ ಪರಾಗ ತುಂಬಿದ ಕಡ್ಡಿಯೊಂದು ನಿಂತಿದ್ದರೆ ಗಂಡು. ಬುಡದಲ್ಲಿ ಪುಟ್ಟ ಕಾಯಿಯಂತೆ ಉಬ್ಬಿದ ಅಂಡಾಶಯವಿದ್ದರೆ ಹೆಣ್ಣು. ಗಂಡು ಹೂ ಗೊಂಚಲಾಗಿ ಬರುತ್ತದೆ, ಹೆಣ್ಣು ಹೂ ಒಂಟಿಯಾಗಿಯೋ ಎರಡು ಮೂರೋ ಇರುತ್ತದೆ. ಅಪರೂಪಕ್ಕೆ ಒಂದೇ ಮರದಲ್ಲಿ ಎರಡೂ ಹೂ ಬರುವುದುಂಟು, ಆದ್ದರಿಂದ ಒಂದೇ ಸಲ ನೋಡಿ ತೀರ್ಮಾನ ಮಾಡಬೇಡಿ.

ಏಳನ್ನೂ ಕಡಿಯಲು ಹೋಗಬೇಡಿ. ಹತ್ತು ಹೆಣ್ಣಿಗೆ ಒಂದು ಗಂಡು ಬೇಕು ಅನ್ನುವುದು ತೋಟಗಾರಿಕೆಯವರ ಸಾಮಾನ್ಯ ಲೆಕ್ಕ. ತೋಟದ ನಡುವೆ, ಉಳಿದ ಮರಗಳಿಗೆ ಹತ್ತಿರವಾಗುವ ಕಡೆ ಒಂದನ್ನು ಬಿಡಿ. ಜಾಗ ಇದ್ದರೆ ಎರಡು ಬಿಟ್ಟರೂ ನಷ್ಟವಿಲ್ಲ. ಉಳಿದವುಗಳ ಮೇಲೆ ಚೆನ್ನಾಗಿ ಕಾಯಿ ಬಿಡುವ ಹೆಣ್ಣು ಮರದ ಕಡ್ಡಿ ತಂದು ಕಸಿ ಕಟ್ಟಿಸಬಹುದು. ಬೇರು ಹಳೆಯದೇ ಇರುವುದರಿಂದ ಹೊಸ ಗಿಡ ನೆಟ್ಟು ಕಾಯುವುದಕ್ಕಿಂತ ಬೇಗ ಫಲ ಸಿಗುತ್ತದೆ. ಕಡ್ಡಿಯನ್ನು ನೆಟ್ಟಗೆ ಮೇಲಕ್ಕೆ ಬೆಳೆಯುವ ಚಿಗುರಿನಿಂದ ತೆಗೆಯಲು ಹೇಳಿ. ಪಕ್ಕದ ರೆಂಬೆಯ ಕಡ್ಡಿ ಕಟ್ಟಿದರೆ ಮರ ಎತ್ತರಕ್ಕೆ ಹೋಗದೆ ಅಡ್ಡಡ್ಡ ಹರಡುತ್ತದೆ. ಇನ್ನು ಮುಂದೆ ಗಿಡ ತರುವುದಾದರೆ ಕಸಿ ಗಿಡವನ್ನೇ ತನ್ನಿ, ಯಾವ ಮರದ ಕಡ್ಡಿ ಎಂದು ಕೇಳಿಕೊಂಡು.

ಪಪ್ಪಾಯಿಯ ಮೊಳೆ. ಇದನ್ನು ನಾನು ಬಹಳ ಕಡೆ ಕೇಳಿದ್ದೇನೆ. ಪಪ್ಪಾಯಿಯಲ್ಲಿ ಗಂಡು, ಹೆಣ್ಣು, ಎರಡೂ ಇರುವ ಗಿಡ ಎಂದು ಮೂರು ಬಗೆ. ಇದನ್ನು ನಿರ್ಧರಿಸುವುದು ಬೀಜದಲ್ಲೇ ಇರುವ ವರ್ಣತಂತು, ಅಂದರೆ ವಂಶದ ಮಾಹಿತಿ ಹೊತ್ತ ಎಳೆ (ಕ್ರೋಮೋಸೋಮ್). ಮೊಳೆ ಅದನ್ನು ಬದಲಿಸಲಾರದು. ಮತ್ತೆ ಮೊಳೆ ಹೊಡೆದವರ ಗಿಡ ಕಾಯಿ ಬಿಟ್ಟಿದ್ದು ಸುಳ್ಳೇ? ಸುಳ್ಳಿರಲಿಕ್ಕಿಲ್ಲ. ಗಂಡು ಪಪ್ಪಾಯಿ ಹವೆ ಬದಲಾದಾಗ ಕೆಲವೊಮ್ಮೆ ತಾನಾಗಿ ಒಂದೆರಡು ಕಾಯಿ ಕಚ್ಚುತ್ತದೆ. ಉದ್ದ ತೊಟ್ಟಿನಲ್ಲಿ ಜೋತಾಡುವ ಆ ಕಾಯಿಯ ಕೀರ್ತಿ ಮೊಳೆಗೆ ಹೋಗುತ್ತದೆ. ಮೊಳೆ ಹೊಡೆದೂ ಕಾಯಿ ಬಿಡದ ಗಿಡಗಳ ಕತೆ ಯಾರೂ ಹೇಳುವುದಿಲ್ಲ. ಗಾಯದಿಂದ ಕೊಳೆ ಹತ್ತುವ ಅಪಾಯ ಬೇರೆ. ಒಂದೊಂದು ಗುಂಡಿಗೆ ಮೂರು ನಾಲ್ಕು ಸಸಿ ಹಾಕಿ, ಹೂ ಬಂದ ಮೇಲೆ ಬೇಕಾದ್ದನ್ನು ಉಳಿಸಿಕೊಳ್ಳುವುದು ವಾಸಿ.

ಹೆಣ್ಣು ಅಂದರೆ ಏನು ಅನ್ನುವುದಕ್ಕೆ ಉತ್ತರ ಒಂದೇ. ಆದರೆ ಹೆಣ್ಣಾಗುವ ದಾರಿ ಒಂದಲ್ಲ. ಮಕ್ಕಳು ಶಾಲೆಯಲ್ಲಿ ಓದುವ ಎಕ್ಸ್ ಎಕ್ಸ್ ವರ್ಣತಂತು ಇದ್ದರೆ ಹೆಣ್ಣು, ಎಕ್ಸ್ ವೈ ಇದ್ದರೆ ಗಂಡು ಅನ್ನುವುದು ಅವುಗಳಲ್ಲಿ ಒಂದು ಮಾತ್ರ. ಅದನ್ನೇ ಹೆಣ್ಣಿನ ವ್ಯಾಖ್ಯಾನ ಅಂತ ಬಹಳ ಜನ ತಿಳಿದಿದ್ದಾರೆ, ಗೊಂದಲ ಶುರುವಾಗುವುದು ಅಲ್ಲಿಂದ.

ಅಮೆರಿಕದ ನೆಟ್ಟಿ ಸ್ಟೀವನ್ಸ್ ಎಂಬ ವಿಜ್ಞಾನಿ 1905ರಲ್ಲಿ ಹಿಟ್ಟಿನ ಹುಳುವಿನ ಕೋಶಗಳನ್ನು ನೋಡುತ್ತಿದ್ದರು. ಹೆಣ್ಣು ಹುಳುವಿನಲ್ಲಿ 20 ದೊಡ್ಡ ವರ್ಣತಂತು. ಗಂಡಿನಲ್ಲಿ 19 ದೊಡ್ಡವು, ಒಂದು ಚಿಕ್ಕದು. ಆ ಚಿಕ್ಕದನ್ನೇ ಈಗ ವೈ ಅನ್ನುತ್ತೇವೆ. ಮನುಷ್ಯರಲ್ಲಿ, ದನದಲ್ಲಿ ಇದೇ ವ್ಯವಸ್ಥೆ. ಹಕ್ಕಿಗಳಲ್ಲಿ ತಲೆಕೆಳಗು. ಅಲ್ಲಿ ಎರಡು ಬೇರೆ ಬೇರೆ ವರ್ಣತಂತು ಇರುವುದು ಹೆಣ್ಣಿಗೆ. ಹುಂಜನಿಗೆ ಎರಡೂ ಒಂದೇ. ರೇಷ್ಮೆಹುಳದಲ್ಲೂ ಹೀಗೆಯೇ. ಮೊಸಳೆಗೆ ಇಂಥ ವರ್ಣತಂತುವೇ ಇಲ್ಲ. ಗೂಡಿನ ಬಿಸಿಯೇ ನಿರ್ಧರಿಸುತ್ತದೆ. ನಮ್ಮ ಹೊಳೆಗಳ ಮೊಸಳೆಯ ಮೊಟ್ಟೆಗಳು 30 ಡಿಗ್ರಿ ಆಸುಪಾಸಿನಲ್ಲಿ ಕಾವು ಪಡೆದರೆ ಹೆಣ್ಣು ಮರಿ, 32.5ರ ಹತ್ತಿರ ಗಂಡು. ಕಡಲಾಮೆಗಳಲ್ಲಿ ಮರಳು ಬಿಸಿಯಾದಷ್ಟೂ ಹೆಣ್ಣು ಜಾಸ್ತಿ. ಆಸ್ಟ್ರೇಲಿಯಾದ ಹವಳದಿಬ್ಬದ ಉತ್ತರ ಭಾಗದಲ್ಲಿ ಹುಟ್ಟಿದ ಹಸಿರು ಆಮೆಗಳನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಳೆಯ ಆಮೆಗಳಲ್ಲಿ ಶೇ. 99ಕ್ಕೂ ಹೆಚ್ಚು ಹೆಣ್ಣು. ಭೂಮಿ ಕಾಯುತ್ತಿರುವುದರ ಪರಿಣಾಮ ಇಲ್ಲೂ ತಟ್ಟಿದೆ. ಹೂವಿನಂತೆ ಕಾಣುವ ಅನಿಮೋನ್ ಎಂಬ ಕಡಲಜೀವಿಯ ನಡುವೆ ವಾಸಿಸುವ ಕೋಡಂಗಿ ಮೀನು ಹುಟ್ಟಿನಿಂದ ಗಂಡು. ಗುಂಪಿನ ಒಡತಿ ಸತ್ತರೆ ದೊಡ್ಡ ಗಂಡು ಹೆಣ್ಣಾಗಿ ಬದಲಾಗಿ ಮೊಟ್ಟೆ ಇಡಲು ತೊಡಗುತ್ತದೆ.

ಮಗಳು ಕೇಳಿದ ಜೇನುನೊಣದ್ದು ಇನ್ನೂ ವಿಚಿತ್ರ. ಪೆಟ್ಟಿಗೆಯಲ್ಲಿ ಸಾಕುವ ತುಡುವೆಯಲ್ಲೂ ಬಂಡೆಗೆ ಕಟ್ಟುವ ಹೆಜ್ಜೇನಿನಲ್ಲೂ ನಿಯಮ ಒಂದೇ. ರಾಣಿ ವೀರ್ಯ ಸೇರಿಸಿ ಇಟ್ಟ ಮೊಟ್ಟೆ ಹೆಣ್ಣಾಗುತ್ತದೆ. ವೀರ್ಯ ಸೇರಿಸದೆ ಇಟ್ಟಿದ್ದು ಗಂಡಾಗುತ್ತದೆ. ಅಂದರೆ ಗಂಡು ನೊಣಕ್ಕೆ ಅಪ್ಪನೇ ಇಲ್ಲ, ಆದರೆ ತಾಯಿಯ ಅಪ್ಪ ಇದ್ದಾನೆ! ಹೂವಿಗೆ ಹೋಗುವ, ಚುಚ್ಚುವ, ಗೂಡು ಗುಡಿಸುವ ಕೆಲಸಗಾರರೆಲ್ಲ ಹೆಣ್ಣು. ಅವುಗಳ ಅಂಡಾಶಯ ಬೆಳೆಯದೆ ಮುದುಡಿರುತ್ತದೆ. ರಾಣಿ ಸತ್ತು ಹೊಸ ರಾಣಿ ಏಳದಿದ್ದರೆ ಕೆಲವು ಕೆಲಸಗಾರರ ಅಂಡಾಶಯ ಚುರುಕಾಗಿ ಅವೇ ಮೊಟ್ಟೆ ಇಡುತ್ತವೆ. ಕೂಡಿಲ್ಲದ ನೊಣಗಳ ಮೊಟ್ಟೆ, ಹಾಗಾಗಿ ಬರೀ ಗಂಡು ಹುಟ್ಟುತ್ತವೆ. ಪೆಟ್ಟಿಗೆ ತುಂಬ ಗಂಡು ನೊಣ ಕಂಡರೆ ಜೇನು ಸಾಕುವವರು ತಲೆ ಮೇಲೆ ಕೈ ಹೊತ್ತುಕೊಳ್ಳುವುದು ಅದಕ್ಕೇ.

ಗಂಡೇ ಬೇಡದ ಹೆಣ್ಣೂ ಇದೆ, ನಿಮ್ಮ ತೋಟದಲ್ಲೇ. ಗೊಬ್ಬರದ ಗುಂಡಿ ಕೆದಕುವಾಗ ಎರೆಹುಳುವಿನಷ್ಟೇ ದಪ್ಪದ, ಹೊಳೆಯುವ ಕಪ್ಪು ಕುರುಡು ಹಾವು ಸಿಗುತ್ತದಲ್ಲ, ಅದರಲ್ಲಿ ಇಲ್ಲಿಯವರೆಗೆ ಪರೀಕ್ಷಿಸಿದ್ದೆಲ್ಲ ಹೆಣ್ಣೇ. ಗಂಡಿನ ಹಂಗಿಲ್ಲದೆ ಮೊಟ್ಟೆ ಇಡುತ್ತದೆ, ಮರಿಗಳೆಲ್ಲ ಹೆಣ್ಣು. ಹೂಕುಂಡದ ಮಣ್ಣಿನಲ್ಲಿ ಒಂದೇ ಒಂದು ಸೇರಿಕೊಂಡು ಹೋದರೂ ಹೊಸ ಊರಿನಲ್ಲಿ ಸಂಸಾರ ಶುರು. ಹೀಗೆಯೇ ಅದು ಎಷ್ಟೋ ದೇಶಗಳಿಗೆ ಹರಡಿದೆ. ವಿಷವಿಲ್ಲ, ಹೊಡೆಯಬೇಡಿ.

ಮನುಷ್ಯರ ವಿಷಯ. ನೀವು ಕೇಳಿಲ್ಲ, ಆದರೂ ಮಗಳು ಮುಂದಿನ ಪ್ರಶ್ನೆ ಇದನ್ನೇ ಕೇಳುತ್ತಾಳೆ. ತಾಯಿಯ ಅಂಡದಲ್ಲಿ ಯಾವಾಗಲೂ ಎಕ್ಸ್ ಇರುತ್ತದೆ. ತಂದೆಯ ವೀರ್ಯಾಣುಗಳಲ್ಲಿ ಅರ್ಧಕ್ಕೆ ಎಕ್ಸ್, ಅರ್ಧಕ್ಕೆ ವೈ. ಹೆಣ್ಣು ಹೆತ್ತಳು ಅಂತ ಸೊಸೆಗೆ ಬೈಯುವ ಮನೆಗಳು ಹಕ್ಕಿಗಳ ಮನೆಯಾಗಿದ್ದರೆ ಆ ಮಾತಿಗೆ ಸ್ವಲ್ಪ ಆಧಾರ ಇರುತ್ತಿತ್ತು. ಭ್ರೂಣ ಮೊದಲ ಆರು ವಾರ ಎರಡೂ ಕಡೆ ಹೋಗಬಲ್ಲ ಸ್ಥಿತಿಯಲ್ಲಿರುತ್ತದೆ. ವೈ ಮೇಲಿನ ಎಸ್‌ಆರ್‌ವೈ ಎಂಬ ಜೀನ್ ಅದನ್ನು ಗಂಡಿನ ಕಡೆ ತಿರುಗಿಸುತ್ತದೆ ಎಂದು 1990ರಲ್ಲಿ ಗೊತ್ತಾಯಿತು. ಗಂಡಾಗದೆ ಉಳಿದದ್ದು ಹೆಣ್ಣು ಅಂತ ಆಗ ಬರೆದವರಿದ್ದರು. ಅದು ಸರಿಯಲ್ಲ. ಅಂಡಾಶಯ ಆಗುವುದಕ್ಕೂ ಆಮೇಲೆ ಹಾಗೇ ಉಳಿಯುವುದಕ್ಕೂ ಬೇರೆ ಜೀನ್‌ಗಳು ಕೆಲಸ ಮಾಡಬೇಕು. ಬೆಳೆದ ಹೆಣ್ಣಿಲಿಯಲ್ಲಿ ಫಾಕ್ಸ್‌ಎಲ್2 ಎಂಬ ಒಂದು ಜೀನ್ ನಿಲ್ಲಿಸಿದಾಗ ಅಂಡಾಶಯದ ಕೋಶಗಳು ವೃಷಣದ ಕೋಶಗಳಂತೆ ಬದಲಾದವು ಎಂದು 2009ರಲ್ಲಿ ತೋರಿಸಿದರು.

ಹೆಣ್ಣುಮಗು ಹುಟ್ಟುವಾಗಲೇ ಅವಳ ಅಂಡಾಶಯದಲ್ಲಿ ಹತ್ತಿಪ್ಪತ್ತು ಲಕ್ಷ ಎಳೆಯ ಅಂಡಗಳಿರುತ್ತವೆ. ಮೈನೆರೆಯುವ ಹೊತ್ತಿಗೆ ಮೂರು ನಾಲ್ಕು ಲಕ್ಷ ಉಳಿಯುತ್ತವೆ. ಇಡೀ ಬದುಕಿನಲ್ಲಿ ಬಲಿತು ಹೊರಬರುವುದು ನಾನೂರು ಐನೂರು. ಗಂಡಸರಲ್ಲಿ ವೀರ್ಯಾಣು ದಿನವೂ ಕೋಟಿಗಟ್ಟಲೆ ಹೊಸದಾಗಿ ತಯಾರಾಗುತ್ತದೆ. ಇಲ್ಲೊಂದು ಅನುಮಾನ ಬರಬಹುದು. ಅಂಡವೇ ಗುರುತಾದರೆ ಮುಟ್ಟು ನಿಂತ ಅಜ್ಜಿ, ಪುಟ್ಟ ಹುಡುಗಿ, ಮಕ್ಕಳಾಗದವರು ಏನು? ಅವರೂ ಹೆಣ್ಣೇ. ಈ ಕ್ಷಣ ಅಂಡ ಬರುತ್ತಿದೆಯೇ ಎಂದು ಯಾರೂ ನೋಡುವುದಿಲ್ಲ. ದೇಹ ಯಾವ ದಾರಿಯಲ್ಲಿ ರೂಪುಗೊಂಡಿದೆ ಅನ್ನುವುದು ಮುಖ್ಯ. ಆ ದಾರಿ ಕೆಲವರಲ್ಲಿ ಅರ್ಧದಲ್ಲಿ ಕವಲೊಡೆಯುವುದೂ ಉಂಟು. ಎಕ್ಸ್ ವೈ ಇದ್ದೂ ಗಂಡು ಹಾರ್ಮೋನಿಗೆ ದೇಹ ಓಗೊಡದೆ, ಹೊರನೋಟಕ್ಕೆ ಪೂರ್ತಿ ಹೆಣ್ಣಾಗಿಯೇ ಬೆಳೆದು, ಮುಟ್ಟಾಗಲಿಲ್ಲವೆಂದು ವೈದ್ಯರ ಹತ್ತಿರ ಹೋದಾಗ ವಿಷಯ ತಿಳಿಯುವವರಿದ್ದಾರೆ. ಅಂಥವರನ್ನು ಯಾವ ಡಬ್ಬಿಗೆ ಹಾಕಬೇಕು ಎಂಬ ಜಗಳಕ್ಕೆ ಲಿಂಗಾಣುವಿನ ವ್ಯಾಖ್ಯಾನ ತೀರ್ಪು ಕೊಡುವುದಿಲ್ಲ. ಒಬ್ಬ ವ್ಯಕ್ತಿ ತನ್ನನ್ನು ಏನೆಂದು ಕಾಣುತ್ತಾರೆ, ಹೇಗೆ ಬದುಕುತ್ತಾರೆ, ಸಮಾಜ ಅವರನ್ನು ಹೇಗೆ ನಡೆಸಿಕೊಳ್ಳಬೇಕು ಅನ್ನುವುದು ಬೇರೆ ಮಾತು. ಅದನ್ನು ಅಂಡದ ಗಾತ್ರದಿಂದ ಅಳೆಯಲು ಹೋಗುವುದು ನನ್ನ ಪ್ರಕಾರ ವಿಜ್ಞಾನಕ್ಕೂ ಒಳ್ಳೆಯದಲ್ಲ, ಜನರಿಗೂ ಒಳ್ಳೆಯದಲ್ಲ.

ಕೊನೆಗೆ ಕರು. ಹೋರಿಯ ಜೊತೆ ಅವಳಿಯಾಗಿ ಹುಟ್ಟಿದ ಹೆಣ್ಣು ಕರುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಗೊಡ್ಡಾಗುತ್ತವೆ. ಇಂಥ ಕರುವಿಗೆ ಫ್ರೀಮಾರ್ಟಿನ್ ಎಂದು ಹೆಸರು. ದನದ ಗರ್ಭದಲ್ಲಿ ಅವಳಿಗಳ ಮಾಸಿನ ರಕ್ತನಾಳಗಳು ಬಹಳ ಸಲ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಹೋರಿಗರುವಿನ ವೃಷಣ ಮೊದಲು ಕೆಲಸ ಶುರು ಮಾಡುತ್ತದೆ. ಅದರ ಹಾರ್ಮೋನು ಹೆಣ್ಣು ಕರುವಿನ ರಕ್ತಕ್ಕೂ ಹರಿದು, ಆಗತಾನೆ ರೂಪುಗೊಳ್ಳುತ್ತಿರುವ ಅಂಡಾಶಯ, ಗರ್ಭಕೋಶ ಅರ್ಧಕ್ಕೇ ನಿಲ್ಲುತ್ತವೆ. ವರ್ಣತಂತು ಹೆಣ್ಣಿನದೇ, ಹೊರಗಿನ ನೋಟವೂ ಕಡಸಿನದೇ, ಒಳಗೆ ಮಾತ್ರ ಅಂಡ ಮಾಡುವ ವ್ಯವಸ್ಥೆ ಬೆಳೆದಿಲ್ಲ. ಮನುಷ್ಯರ ಅವಳಿಗಳಲ್ಲಿ ಹೀಗಾಗುವುದಿಲ್ಲ, ಹೆದರಬೇಡಿ.

ಮೂರು ವರ್ಷಕ್ಕೂ ಬೆದೆ ಇಲ್ಲ ಅಂದರೆ ಇದೇ ಕಾರಣ ಇರುವ ಸಾಧ್ಯತೆ ಜಾಸ್ತಿ. ಆದರೂ ಮೇವಿನ ಕೊರತೆ, ಜಂತುಹುಳು, ಖನಿಜದ ಕೊರತೆಯಿಂದಲೂ ಬೆದೆ ತಡವಾಗುತ್ತದೆ. ಮಲೆನಾಡು ಗಿಡ್ಡ ತಳಿಯಾದರೆ ಸ್ವಭಾವತಃ ತುಸು ನಿಧಾನ. ಪಶುವೈದ್ಯರನ್ನು ಕರೆಸಿ ಕೈ ಹಾಕಿ ಪರೀಕ್ಷೆ ಮಾಡಿಸಿ. ಗರ್ಭಕೋಶ, ಅಂಡಾಶಯ ಇವೆಯೇ ಎಂದು ಅವರಿಗೆ ಅಲ್ಲೇ ಗೊತ್ತಾಗುತ್ತದೆ. ಫ್ರೀಮಾರ್ಟಿನ್ ಆಗಿದ್ದರೆ ಅದಕ್ಕೆ ಔಷಧಿ ಇಲ್ಲ, ಇಂಜೆಕ್ಷನ್‌ಗೆ ದುಡ್ಡು ಸುರಿಯಬೇಡಿ. ಮುಂದೆ ಯಾವಾಗಲಾದರೂ ಇಂಥ ಅವಳಿ ಹುಟ್ಟಿದರೆ ಮೂರು ವರ್ಷ ಕಾಯುವ ಅಗತ್ಯವಿಲ್ಲ. ಫ್ರೀಮಾರ್ಟಿನ್ ಕರುವಿನ ಯೋನಿಯ ಉದ್ದ ಸಾಮಾನ್ಯ ಕರುವಿಗಿಂತ ಬಹಳ ಕಡಿಮೆ. ಕರು ಒಂದು ತಿಂಗಳದ್ದಿರುವಾಗಲೇ ವೈದ್ಯರು ನುಣುಪಾದ ಕೊಳವೆ ಹಾಕಿ ಅಳೆದು ಹೇಳಬಲ್ಲರು. ಬೇಕಿದ್ದರೆ ರಕ್ತಪರೀಕ್ಷೆಯೂ ಇದೆ, ಹೆಣ್ಣು ಕರುವಿನ ರಕ್ತದಲ್ಲಿ ಹೋರಿಯ ಕೋಶಗಳು ಸೇರಿದ್ದರೆ ಅದರಲ್ಲಿ ಸಿಕ್ಕಿಬೀಳುತ್ತದೆ.